ಜರಿಯ ಉಗುರು, ನನ್ನ ಮೈ

ನಾನು ಒಂದು ಜಾಲಿ ಮರದ ದಿಂಡು. ಈಗ ನನ್ನನ್ನು ನೋಡಿದವರಿಗೆ ಅದು ಗೊತ್ತಾಗುವುದಿಲ್ಲ. ಮೈತುಂಬ ನಾರಿನ ಹಗ್ಗ ಸುತ್ತಿದ್ದಾರೆ. ಹಗ್ಗದ ತುಂಬ ಜುಂಗು ಎದ್ದಿದೆ. ನೆತ್ತಿಯಿಂದ ನೂಲು ಸುತ್ತುವ ಒಂದು ಹಳೆಯ ಕಂಡಿಕೆ ನೇತಾಡುತ್ತದೆ, ಬುಡದಲ್ಲಿ ಯಾವಾಗಲೂ ನಾಲ್ಕು ಹಳದಿ ಕೂದಲು ಬಿದ್ದಿರುತ್ತವೆ. ಇಳಕಲ್ಲಿಗೆ ಹತ್ತಿರದ ಒಂದು ಊರಿನ ನೇಕಾರರ ಮನೆಯಲ್ಲಿ, ಮಗ್ಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ನೆಲದೊಳಗೆ ಕಾಲೂರಿ ನಿಂತಿದ್ದೇನೆ. ನನ್ನಂಥ ಕಟ್ಟಿಗೆಗೆ ಈ ವಯಸ್ಸಿನಲ್ಲಿ ಸಿಗುವುದು ಒಲೆ. ನನಗೆ ಸಿಕ್ಕಿದ್ದು ಬೆಕ್ಕು. ಅದು ಹೇಗೆಂದು ಹೇಳುತ್ತೇನೆ.

ಹುಟ್ಟಿದ್ದು ಹಳ್ಳದ ದಂಡೆಯಲ್ಲಿ. ಆಗ ನನಗೂ ಮುಳ್ಳುಗಳಿದ್ದವು. ಒಂದೊಂದೂ ಹೆಬ್ಬೆರಳುದ್ದ, ಬೆಳ್ಳಗೆ, ಚೂಪಾಗಿ. ನಾನು ಮೊಣಕಾಲೆತ್ತರ ಇದ್ದಾಗ ದನಗಳು ಬಂದು ಮೂಸಿ, ಮೂತಿ ಸೊಟ್ಟ ಮಾಡಿಕೊಂಡು ಹೋಗುತ್ತಿದ್ದವು. ನನ್ನ ಜತೆ ಮೊಳೆತ ಮೆತ್ತನೆಯ ಗಿಡಗಳಲ್ಲಿ ಒಂದೂ ಉಳಿಯಲಿಲ್ಲ. ನಾನು ಉಳಿದೆ, ಬೆಳೆದೆ, ದಪ್ಪಗಾದೆ. ಮೌನಪ್ಪ ಬಡಿಗೇರ ಎಂಬ ಬಡಗಿ ಒಂದು ದಿನ ಬಂದು, ನನ್ನ ಕಾಂಡಕ್ಕೆ ಕಿವಿ ಹಚ್ಚಿ, ಹಿಡಿಯಿಂದ ಬಡಿದು ನೋಡಿ, ಇದು ಮಗ್ಗಕ್ಕೆ ಆಗುತ್ತದೆ ಎಂದ.

ಅವನು ನನ್ನನ್ನು ಕಡಿದು, ಕೊಯ್ದು, ನಾಲ್ಕು ಮೊಳ ಉದ್ದದ ಚೌಕ ದಿಂಡು ಮಾಡಿದ. ಆಮೇಲೆ ತಿಕ್ಕಲು ಶುರು ಮಾಡಿದ. ಮೊದಲು ಉಳಿಯಿಂದ, ಆಮೇಲೆ ಇಟ್ಟಂಗಿಯ ಚೂರಿನಿಂದ, ಆಮೇಲೆ ಮರಳಿನಿಂದ, ಕೊನೆಗೆ ಎಣ್ಣೆ ಹಚ್ಚಿದ ಬಟ್ಟೆಯಿಂದ. ಹನ್ನೊಂದು ದಿನ ತಿಕ್ಕಿದ. ಹನ್ನೆರಡನೆಯ ದಿನ ಒಂದೇ ಒಂದು ರೇಷ್ಮೆ ಎಳೆಯನ್ನು ನನ್ನ ಮೈಮೇಲೆ ಈ ತುದಿಯಿಂದ ಆ ತುದಿಗೆ ಎಳೆದು ನೋಡಿದ. ಎಳೆ ಎಲ್ಲೂ ತಡೆಯಲಿಲ್ಲ. ಕೂಸನ್ನು ಮಲಗಿಸಿದರೂ ಚುಚ್ಚುವುದಿಲ್ಲ ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಆ ಮಾತಿನಿಂದ ನನಗೆ ಜಂಬ ಬಂತು. ನಯವಾಗಿರುವುದೇ ಈ ಲೋಕದಲ್ಲಿ ದೊಡ್ಡ ಗುಣ ಎಂದು ಆವತ್ತು ತಿಳಿದುಕೊಂಡವನು, ನಲವತ್ತು ವರ್ಷ ಹಾಗೆಯೇ ತಿಳಿದಿದ್ದೆ.

ನನ್ನನ್ನು ಒಯ್ದವನು ಕಾಳಪ್ಪ ಎಂಬ ನೇಕಾರ. ಅವನದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ದಂಡೆಯ ಮೇಲೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು ನೇಯುವ ಮಗ್ಗ ಅದು. ನಾನು ಅವನ ಹೊಟ್ಟೆಯ ಮುಂದೆ ಅಡ್ಡ ಮಲಗಿ, ನೇಯ್ದಷ್ಟು ಸೀರೆಯನ್ನು ಮೈಗೆ ಸುತ್ತಿಕೊಳ್ಳಬೇಕು. ಎಂಥ ಕೆಲಸ ನೋಡಿ. ಊರಿನ ಯಾವ ಹೆಂಗಸೂ ಉಡುವ ಮೊದಲೇ ಆ ಸೀರೆಯನ್ನೆಲ್ಲ ನಾನು ಉಟ್ಟಿರುತ್ತಿದ್ದೆ.

ಆ ಮನೆಗೆ ಒಂದು ಕಟ್ಟಳೆ ಇತ್ತು. ಮಗ್ಗದ ಹತ್ತಿರ ಬರುವವರಿಗೆ ಉಗುರು ಇರಬಾರದು. ಉಗುರಿನ ಮೂಲೆ ತಾಗಿದರೆ ರೇಷ್ಮೆಯ ಎಳೆ ಎದ್ದು ಬರುತ್ತದೆ, ಒಂದು ಎಳೆ ಎದ್ದರೆ ಸೀರೆಯೇ ಹೋದಂತೆ. ಅದಕ್ಕೆ ಪ್ರತಿ ಸೋಮವಾರ, ಮಗ್ಗಕ್ಕೆ ವಿಭೂತಿ ಹಚ್ಚುವ ಮೊದಲು, ಮನೆಯವರೆಲ್ಲ ಸಾಲಾಗಿ ಕೂತು ಕೈ ತೋರಿಸಬೇಕು. ಕಾಳಪ್ಪನ ಹೆಂಡತಿಯಾಗಿ ಬನವ್ವ ಈ ಮನೆಗೆ ಬಂದಾಗ ಅವಳ ಹತ್ತು ಬೆರಳಿಗೂ ಮದರಂಗಿ ಹಚ್ಚಿದ ಉದ್ದ ಉಗುರಿದ್ದವು. ಐದನೆಯ ದಿನ ಅತ್ತೆ ಕೂರಿಸಿಕೊಂಡು ಹತ್ತನ್ನೂ ಕತ್ತರಿಸಿಬಿಟ್ಟಳು. ಬನವ್ವ ಎರಡು ದಿನ ಯಾರ ಜತೆಯೂ ಮಾತಾಡಲಿಲ್ಲ. ಮೂರನೆಯ ದಿನ ಮಗ್ಗಕ್ಕೆ ಕೂತಳು, ಮತ್ತೆ ಏಳಲೇ ಇಲ್ಲ ಅನ್ನಬೇಕು. ಅತ್ತೆ ಹೋದ ಮೇಲೆ ಆ ಕತ್ತರಿ ಬನವ್ವನ ಸೊಂಟಕ್ಕೆ ಬಂತು.

ಅವಳ ಕೈಯಲ್ಲಿ ಆ ಕಟ್ಟಳೆ ಇನ್ನೂ ಬಿಗಿಯಾಯಿತು. ಮನೆಯವರು ಹೋಗಲಿ, ಹೊರಗಿನವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ವಿಮೆ ಮಾಡಿಸುವವನೊಬ್ಬ ಬಂದಿದ್ದ. ಕೈ ತೋರಿಸು ಎಂದು ಬನವ್ವ ಕೇಳಿದ್ದಕ್ಕೆ, ಮುದುಕಿ ಭವಿಷ್ಯ ಹೇಳುತ್ತಾಳೆ ಎಂದುಕೊಂಡು ಅಂಗೈ ಚಾಚಿ, ತನಗೆ ಬೇರೆ ಊರಿಗೆ ವರ್ಗ ಆಗುತ್ತದೆಯೋ ಇಲ್ಲವೋ ನೋಡಿ ಹೇಳಿ ಎಂದ. ಬನವ್ವ ಕೈ ತಿರುವಿ ನೋಡಿದಳು.

“ಉಗುರಿನ್ಯಾಗ ಮಣ್ಣ ಐತಿ. ಬಾಗಲದಾಗ ಕುಂದ್ರು.”

ಕಾಳಪ್ಪನ ಕಾಲ ಮುಗಿದು ಅವನ ಮಗ ದಾನಪ್ಪ ಮಗ್ಗಕ್ಕೆ ಕೂತ. ದಾನಪ್ಪನ ಮಗಳು ಶಾಕಂಬರಿ. ಎಲ್ಲರೂ ಶಾಕೂ ಎನ್ನುತ್ತಾರೆ. ತಾಯಿ ಇಲ್ಲದ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುವವರು ಬೇಕಾಗಿ ಅವಳು ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟಳು. ಮಾತು ಬಹಳ ಕಡಿಮೆ. ಹೊರಗಿನವರು ಬಂದರೆ ರಾಟೆಯ ಹಿಂದೆ ಅರ್ಧ ಮುಖ ಮರೆಯಾಗುತ್ತಿತ್ತು. ಆದರೆ ಆ ಉಳಿದರ್ಧ ಮುಖದಲ್ಲಿದ್ದ ಒಂದು ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಯಾವ ಎಳೆ ಸಡಿಲವಾಗಿದೆ, ನೂಲಿಗೆ ಹಾಕಿದ ಗಂಜಿ ಎಲ್ಲಿ ದಪ್ಪವಾಗಿದೆ, ಅಪ್ಪನಿಗೆ ಯಾವ ಹೊತ್ತಿಗೆ ಬೆನ್ನು ನೋಯುತ್ತದೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಎಡತುದಿಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಹುಟ್ಟಿದ್ದನ್ನು ಮೊದಲು ಕಂಡವಳೂ ಅವಳೇ. ಕಂಡು, ಯಾರಿಗೂ ಹೇಳದೆ, ಅದರ ಮೇಲೆ ಮೇಣ ಸವರಿದಳು. ಹೇಳಿದರೆ ನನ್ನನ್ನು ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಮೇಣ ಎಷ್ಟು ದಿನ ತಡೆದೀತು. ಬಿರುಕಿನಿಂದ ಒಂದು ಸಿಬರು ಎದ್ದು ರೇಷ್ಮೆಯ ಎಳೆಯೊಂದನ್ನು ಹಿಡಿದುಬಿಟ್ಟಿತು. ದಾನಪ್ಪ ಆ ಎಳೆಯನ್ನು ಬಿಡಿಸಿದ. ನನ್ನನ್ನು ಬಿಚ್ಚಿ, ಹೊಸ ದಿಂಡು ಕೂರಿಸಿ, ನನ್ನನ್ನು ಕದದ ಹಿಂದಿನ ಕಟ್ಟಿಗೆ ಹೊರೆಯ ಕೆಳಗೆ ಹಾಕಿದ. ಒಳ್ಳೆ ಜಾಲಿ, ಯುಗಾದಿಯ ಎಣ್ಣೆಸ್ನಾನಕ್ಕೆ ನೀರು ಕಾಸಲು ಆಗುತ್ತದೆ ಎಂದು ತಾಯಿಗೆ ಹೇಳಿದ. ಹಬ್ಬಕ್ಕೆ ಇನ್ನೂ ಮೂರು ತಿಂಗಳಿತ್ತು.

ನೆಲಕ್ಕೆ ಬಿದ್ದ ಮೇಲೆ ಲೋಕ ಬೇರೆಯೇ ಕಾಣುತ್ತದೆ. ಮೊದಲು ನನಗೆ ಜನರ ಹೊಟ್ಟೆ, ಕೈ ಕಾಣುತ್ತಿದ್ದವು. ಈಗ ಹಿಮ್ಮಡಿಗಳು, ಕಾಲುಂಗುರಗಳು, ಇಲಿಗಳು. ಇಲಿಗಳಂತೂ ಲೆಕ್ಕವಿಲ್ಲದಷ್ಟು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಅದಕ್ಕೆ ಗಂಜಿ ಹಾಕುತ್ತಾರಲ್ಲ, ಆ ಗಂಜಿಯ ವಾಸನೆಗೆ ಅವು ಓಣಿಯ ಆ ತುದಿಯಿಂದ ಬರುತ್ತಿದ್ದವು. ಕುಣಿಯೊಳಗೇ ಸಂಸಾರ ಹೂಡಿದ್ದವು.

ಆಗ ಬಂದವನು ಜರಿ. ಹಿಟ್ಟಿನ ಗಿರಣಿಯ ಹಿಂದೆ ಒಂಟಿಯಾಗಿ ಒದರುತ್ತಿದ್ದ ಮರಿಯನ್ನು ಶಾಕೂ ಓಢಣಿಯಲ್ಲಿ ಸುತ್ತಿಕೊಂಡು ತಂದಳು. ಬೂದು ಮೈ, ಅದರ ಮೇಲೆ ಬಂಗಾರದ ಬಣ್ಣದ ಪಟ್ಟೆಗಳು. ಸೀರೆಯ ಜರಿಯಂತೆ ಹೊಳೆಯುತ್ತವೆ ಎಂದು ಆ ಹೆಸರು. ಬನವ್ವ ಮೊದಲು ಒಪ್ಪಲಿಲ್ಲ. ಇಲಿ ಕಡಿದ ಗಂಜಿ ನೂಲಿನ ಉಂಡೆಯನ್ನು ಶಾಕೂ ಮಾತಿಲ್ಲದೆ ಅಜ್ಜಿಯ ಮುಂದೆ ಇಟ್ಟಳು. ಬನವ್ವ ನೂಲನ್ನು ನೋಡಿದಳು, ಮರಿಯನ್ನು ನೋಡಿದಳು, ಇರಲಿ ಎಂದಳು.

ಚೆಂಡಿನಂತೆ ಕುಪ್ಪಳಿಸುತ್ತಿದ್ದವನು ಎರಡು ತಿಂಗಳೊಳಗೆ ಕುಣಿಯ ಯಜಮಾನನಾದ. ಇಲಿಗಳು ಮಕ್ಕಳುಮರಿ ಕಟ್ಟಿಕೊಂಡು ಪಕ್ಕದ ಮನೆಗೆ ಹೋದವು. ದಾನಪ್ಪ ನೇಯುವಾಗ ಜರಿ ಅವನ ಪಾದದ ಹತ್ತಿರ ಬೆಚ್ಚಗೆ ಮಲಗುತ್ತಿದ್ದ. ಲಾಳಿ ಆ ಕಡೆ ಈ ಕಡೆ ಓಡಿದಂತೆ ಅವನ ಕಿವಿಯೂ ಆ ಕಡೆ ಈ ಕಡೆ ಆಡುತ್ತಿತ್ತು. ಬನವ್ವ ಊಟ ಮಾಡುವಾಗ ಯಾರೂ ನೋಡದಂತೆ ಮೊಸರಿನ ಒಂದು ಬೆರಳು ಕೆಳಗೆ ಇಳಿಬಿಡುತ್ತಿದ್ದಳು. ಯಾರೂ ನೋಡುವುದಿಲ್ಲ ಎಂದುಕೊಂಡಿದ್ದಳು. ನಾನು ಕೆಳಗೇ ಇದ್ದೆನಲ್ಲ.

ತೊಂದರೆ ಒಂದೇ. ಜರಿ ನಿದ್ದೆಯಿಂದೆದ್ದರೆ ಮುಂಗಾಲು ಚಾಚಿ, ಬೆನ್ನು ಬಾಗಿಸಿ, ಏನನ್ನಾದರೂ ಪರಪರ ಕೆರೆಯಲೇಬೇಕು. ಚಾಪೆ ಕೆರೆದ. ಕದದ ಚೌಕಟ್ಟು ಕೆರೆದ. ಬನವ್ವ ಗದರಿಸಿದಷ್ಟೂ ಜಾಗ ಬದಲಾಯಿಸಿದ. ಕೊನೆಗೆ ಒಂದು ಬೆಳಗ್ಗೆ ಎದ್ದವನಿಗೆ ಕಂಡದ್ದು, ತನ್ನ ಎತ್ತರಕ್ಕೇ ಬಿಗಿಯಾಗಿ ಎಳೆದು ನಿಲ್ಲಿಸಿದ್ದ ಹಾಸು.

ಅದು ಸಾಮಾನ್ಯ ಸೀರೆಯಲ್ಲ. ಬನವ್ವನ ಅಳಿಯ ವೀರಭದ್ರನ ತಂಗಿಯ ಮದುವೆಗೆಂದು ಹಾಕಿದ ಸೀರೆ. ನಮ್ಮ ಕಡೆಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಗೆ ಕೊಂಡಿ ಹಾಕಿ ಕೂಡಿಸಬೇಕು. ಸಾವಿರಾರು ಕೊಂಡಿ. ಅದನ್ನು ಹಾಕುವವಳು ಬನವ್ವ. ಅವಳಿಗೀಗ ಕಣ್ಣು ಮಂಜು. ಆದರೆ ಬೆರಳ ತುದಿಗೆ ಮಂಜಿಲ್ಲ, ಅವಳು ನೋಡುವುದೇ ಅದರಿಂದ. ಮೂರು ದಿನ ಕೂತು ಹಾಕಿದ ಕೊಂಡಿಗಳ ಸಾಲಿನ ಮೇಲೆ ಜರಿ ಎರಡೂ ಮುಂಗಾಲು ಇಟ್ಟು, ಹಾಯಾಗಿ ಮೈಮುರಿದ.

ಕೂಗಾಟ ಏನೂ ಆಗಲಿಲ್ಲ. ಬನವ್ವ ಬಂದು, ಕೂತು, ಕಿತ್ತುಹೋದ ಕೊಂಡಿಗಳನ್ನು ಬೆರಳಿನಿಂದ ಎಣಿಸಿದಳು. ನೂರಾ ಹನ್ನೆರಡು. ಸೆರಗಿನ ಕಡೆಗೆ ತಿರುಗಿ ಕೂತು ಮೊದಲಿನಿಂದ ಶುರು ಮಾಡಿದಳು. ಜರಿ ಆ ದಿನವೆಲ್ಲ ನನ್ನ ಪಕ್ಕ, ಕಟ್ಟಿಗೆ ಹೊರೆಯ ಹಿಂದೆ ಅಡಗಿದ್ದ. ಅವನ ಪಾಡು ನನಗೆ ಅರ್ಥವಾಗುತ್ತಿತ್ತು. ಒಂದು ಎಳೆಗೆ ಸಿಬರು ಚುಚ್ಚಿಯೇ ನಾನೂ ಅಲ್ಲಿಗೆ ಬಂದಿದ್ದೆ.

ಆ ಭಾನುವಾರ ವೀರಭದ್ರ ಸೀರೆ ಎಲ್ಲಿಗೆ ಬಂತೆಂದು ನೋಡಲು ಬಂದ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು, ಒಳ್ಳೆಯ ಮನುಷ್ಯ, ಎಲ್ಲದಕ್ಕೂ ಒಂದು ಉಪಾಯ ಅವನ ಕಿಸೆಯಲ್ಲಿರುತ್ತದೆ. ನಡೆದದ್ದನ್ನು ಕೇಳಿ ನಕ್ಕ. ಬೆಕ್ಕನ್ನು ಬಿಟ್ಟುಬಂದರೆ ಇಲಿ ಬರುತ್ತವೆ, ಇಟ್ಟುಕೊಂಡರೆ ಉಗುರು ಇರುತ್ತದೆ, ಇಷ್ಟೇ ತಾನೆ ಎಂದ.

“ಉಗುರು ತಗಸಿಬಿಡ್ರಿ ಅತ್ತಿ. ಪರದೇಶದಾಗ ಸೋಫಾ ಹರೀತೈತಂತ ಎಲ್ಲಾರೂ ತಗಸ್ತಾರ. ಒಮ್ಮೆ ತಗದ್ರ ಮುಗೀತು, ಮತ್ತ ಬರಾಂಗಿಲ್ಲ. ನನಗ ಗುರ್ತಿನವರು ಒಬ್ಬರು ಮಾಡ್ತಾರ. ಗುರುವಾರ ಮಧ್ಯಾಹ್ನ ಬಂದು ಒಯ್ತೀನಿ.”

ಮನೆಯಲ್ಲಿ ಎಲ್ಲರಿಗೂ ಖುಷಿಯಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಅವರು ಕೆಟ್ಟವರಲ್ಲ. ಉಗುರು ತೆಗೆಯುವುದು ಆ ಮನೆಯಲ್ಲಿ ಲಾಗಾಯ್ತಿನಿಂದ ನಡೆದು ಬಂದ ಕೆಲಸ. ಬನವ್ವನದು ತೆಗೆದಿದ್ದರು, ದಾನಪ್ಪನದು ತೆಗೆದಿದ್ದರು, ಶಾಕೂನದು ತೆಗೆದಿದ್ದರು. ಇನ್ನು ಜರಿಯದು. ಅವನೂ ಮನೆಯವನಾದ ಎಂದೇ ಬನವ್ವ ಹೇಳಿದಳು. ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಶಾಕೂ. ಬೆಕ್ಕು ಮನೆಯಲ್ಲೇ ಉಳಿಯುತ್ತದಲ್ಲ.

ನಾನೂ ಒಪ್ಪಿದೆ. ನಯವಾಗುವುದರಲ್ಲಿ ಏನು ತಪ್ಪು, ನನ್ನನ್ನು ತಿಕ್ಕಲಿಲ್ಲವೇ ಎಂದುಕೊಂಡೆ.

ಆದರೆ ಶಾಕೂನ ಆ ಕಣ್ಣು ಸುಮ್ಮನಿರಬೇಕಲ್ಲ. ಸೋಮವಾರ, ಕದದ ಸಂದಿಯಿಂದ ನಾನು ನೋಡುತ್ತಿದ್ದಂತೆ, ಅಂಗಳದಲ್ಲಿ ಓಣಿಯ ಕೆಂಪು ನಾಯಿ ಜರಿಯನ್ನು ಅಟ್ಟಿಸಿಕೊಂಡು ಬಂತು. ಜರಿ ಒಂದೇ ನೆಗೆತಕ್ಕೆ ಬೇವಿನ ಮರದ ಮೇಲೆ. ಹತ್ತು ಉಗುರೂ ತೊಗಟೆಗೆ ಹೂತು, ನೋಡನೋಡುತ್ತ ಟೊಂಗೆಗೆ ಏರಿ ಕೂತು, ಬಾಲ ಇಳಿಬಿಟ್ಟು ನಾಯಿಯನ್ನು ಅಣಕಿಸಿದ. ಶಾಕೂ ನಕ್ಕಳು. ನಗು ಮುಗಿಯುವ ಮೊದಲೇ ಅವಳ ಮುಖ ಬದಲಾಯಿತು. ಮರದ ಬುಡದಲ್ಲಿ ಏನನ್ನೋ ಹೆಕ್ಕಿ ತಂದು ನನ್ನ ಮೇಲಿನ ಕಟ್ಟಿಗೆ ಹೊರೆಯ ಮೇಲೆ ಕೂತಳು. ಬಾಗಿದ, ಟೊಳ್ಳಾದ, ಅಕ್ಕಿಯ ಹೊಟ್ಟಿನಂಥ ಒಂದು ಸಿಪ್ಪೆ. ಉಗುರೇ ಕಳಚಿಬಿತ್ತೆಂದು ಗಾಬರಿಯಾಗಿ ಜರಿಯ ಪಂಜ ನೋಡಿದಳು. ಉಗುರು ಇದ್ದಲ್ಲೇ ಇತ್ತು, ಮೊದಲಿಗಿಂತ ಹೊಳಪಾಗಿ. ಕೆರೆದಾಗ ಹಳೆಯ ಸಿಪ್ಪೆ ಬಿದ್ದು ಒಳಗಿನ ಹೊಸದು ಕಾಣುತ್ತದೆ. ಅದಕ್ಕೇ ಕೆರೆಯುತ್ತಾನೆ, ಕಾಟ ಕೊಡಲಿಕ್ಕಲ್ಲ.

ಮರುದಿನ ಅವಳು ಜರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಪಂಜವನ್ನು ಮೆಲ್ಲಗೆ ಒತ್ತಿದಳು. ಒಳಗೆ ಅಡಗಿದ್ದ ಉಗುರು ಹೊರಗೆ ಬಂತು. ಬಿಟ್ಟಳು, ಒಳಗೆ ಹೋಯಿತು. ಮತ್ತೆ ಒತ್ತಿದಳು. ಆಮೇಲೆ ತನ್ನ ಬೆರಳನ್ನು ಒತ್ತಿ ನೋಡಿದಳು. ನಮ್ಮ ಉಗುರು ಬೆರಳಿನ ಮೇಲೆ ಹೆಂಚಿನಂತೆ ಕೂತಿರುತ್ತದೆ, ಅವನದು ಹಾಗಲ್ಲ. ಉಗುರು ಆಡಿದಾಗೆಲ್ಲ ಒಳಗಿನ ಒಂದು ಸಣ್ಣ ಎಲುಬೂ ಜತೆಗೇ ಆಡುತ್ತಿತ್ತು. ಎರಡೂ ಒಂದೇ ಎನ್ನುವಂತೆ. ಮತ್ತೆ ಬರುವುದೇ ಇಲ್ಲ ಎಂದನಲ್ಲ ಮಾವ, ಬುಡ ಉಳಿಸಿದರೆ ಉಗುರು ಮತ್ತೆ ಬಂದೇ ಬರಬೇಕಲ್ಲ, ಹಾಗಾದರೆ ಏನನ್ನು ತೆಗೆಯುತ್ತಾರೆ ಎಂದು ತನ್ನಷ್ಟಕ್ಕೇ ಗೊಣಗಿದಳು. ಕೇಳಿದವನು ನಾನೊಬ್ಬನೇ.

ಗುರುವಾರ ಬೆಳಗ್ಗೆ ಪಕ್ಕದ ಮನೆಯ ಎಮ್ಮೆಗೆ ಹುಷಾರಿಲ್ಲವೆಂದು ದನದ ಡಾಕ್ಟರು ಬಂದರು. ಮೆಹಜಬೀನ್ ಎಂದು ಹೆಸರು, ಸ್ಕೂಟರಿನ ಮೇಲೆ ಬರುತ್ತಾರೆ. ಗೋಡೆಯ ಆಚೆ ಅವರ ದನಿ ಕೇಳುತ್ತಿತ್ತು. ಶಾಕೂ ರಾಟೆ ಬಿಟ್ಟು ಎದ್ದು ಬಾಗಿಲಿಗೆ ಬಂದಳು, ಹೊಸ್ತಿಲು ನೋಡಿ ತಿರುಗಿ ಹೋದಳು. ಮತ್ತೆ ಬಂದಳು, ತಿರುಗಿದಳು. ಕದದ ಹಿಂದಿನ ನನಗೆ ಅವಳ ಪಾದ ಮಾತ್ರ ಕಾಣುತ್ತಿದ್ದವು. ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಶಾಲೆ ಬಿಟ್ಟ ದಿನದಿಂದ ಅವಳು ಒಬ್ಬ ಹೊರಗಿನವರ ಜತೆಗೂ ತಾನಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಆಚೆ ಸ್ಕೂಟರು ಶುರುವಾಯಿತು. ಪಾದಗಳು ಹೊಸ್ತಿಲು ದಾಟಿಬಿಟ್ಟವು.

ಸ್ಕೂಟರು ನಿಂತಿತು. ಅವಳ ದನಿ ಗೋಡೆ ದಾಟಿ ಬಂದಾಗ ನನಗೆ ಗುರುತೇ ಸಿಗಲಿಲ್ಲ.

“ಡಾಕ್ಟರ ಬಾಯಾರ, ಬೆಕ್ಕಿನ ಉಗುರು ತಗೀತಾರಲ್ರಿ. ಬರೇ ಉಗುರು ತಗೀತಾರೋ, ಬೆರಳೂ ತಗೀತಾರೋ?”

ಸ್ಟ್ಯಾಂಡು ಹಾಕಿದ ಸದ್ದಾಯಿತು, ಆಮೇಲೆ ಡಾಕ್ಟರ ದನಿ.

“ಯಾರು ಹೇಳಿದ್ರು ನಿನಗ?”

“ಯಾರೂ ಹೇಳಿಲ್ರಿ. ಮುಟ್ಟಿ ನೋಡೇನಿ.”

ಡಾಕ್ಟರು ಸ್ಕೂಟರು ಅಲ್ಲೇ ಬಿಟ್ಟು ನಮ್ಮ ಮನೆಗೆ ಬಂದರು. ಬನವ್ವ ಅಭ್ಯಾಸದಂತೆ ಕೈ ತೋರಿಸಿ ಎಂದಳು. ಡಾಕ್ಟರು ತೋರಿಸಿದರು. ಹತ್ತೂ ಬೆರಳಿಗೆ ಬುಡಮಟ್ಟ ಕತ್ತರಿಸಿದ ಉಗುರು. ಬನವ್ವನಿಗೆ ಬಹಳ ಸಮಾಧಾನವಾಗಿ, ನೇಕಾರರ ಕೈ ಇದು ಎಂದು ಹೊಗಳಿ, ಮಗ್ಗದ ಪಕ್ಕದಲ್ಲೇ ಕೂರಿಸಿದಳು. ಬೆಕ್ಕಿನ ವಿಷಯ ತಾನೇ ತೆಗೆದಳು. ಇವತ್ತು ಅದರ ಉಗುರು ತೆಗೆಸುವುದಿದೆ, ಒಯ್ಯುವ ಮೊದಲು ಹಾಲು ಕೊಡಬಹುದೋ ಹೇಗೆ ಎಂದು ಕೇಳಿದಳು.

ಡಾಕ್ಟರು ಮಗ್ಗದ ಕಡೆ ಬಗ್ಗಿದರು. ಮಗ್ಗದ ಮೇಲಿನ ಕೊಂಡಿಗಳ ಸಾಲು ನೋಡುತ್ತ, ಇದನ್ನು ಯಾರು ಹಾಕಿದರು ಎಂದರು. ಬನವ್ವ ಎದೆಯುಬ್ಬಿಸಿ ತಾನು ಎಂದಳು. ಡಾಕ್ಟರು ಕೆಳಗೆ ಬಿದ್ದ ಕೆಂಪು ರೇಷ್ಮೆಯ ತುಂಡುಗಳನ್ನು ಹೆಕ್ಕಿ, ಬನವ್ವನ ಬಲಗೈ ಹಿಡಿದು, ತೋರುಬೆರಳಿನ ಕೊನೆಯ ಗೆಣ್ಣಿಗೆ ಒಂದು ದಾರ ಕಟ್ಟಿದರು. ಆಮೇಲೆ ಪಕ್ಕದ ಬೆರಳಿಗೆ. ಹೀಗೆ ಹತ್ತಕ್ಕೂ. ಮುದುಕಿ ಏನೋ ಮದ್ದು ಎಂದುಕೊಂಡು ಸುಮ್ಮನೆ ಕಟ್ಟಿಸಿಕೊಂಡಳು.

“ಬೆಕ್ಕಿಗೆ ಮುಂದಿನ ಎರಡೂ ಕಾಲಾಗ ಕೂಡಿ ಹತ್ತು ಉಗುರು,” ಎಂದರು ಡಾಕ್ಟರು. “ಅದರ ಉಗುರು ಕೊನೀ ಎಲುಬಿನಿಂದನ ಬೆಳದಿರತೈತಿ. ಮತ್ತ ಬರಬಾರದು ಅಂದ್ರ ಆ ಎಲುಬು ಕತ್ತರಸಬೇಕು. ಅಂದ್ರ ಈ ದಾರ ಕಟ್ಟೇನಲ್ಲ, ಅಲ್ಲೀಮಟ. ಹತ್ತೂ. ಈಗ ಆ ತುದಿ ಹಚ್ಚದ ಒಂದು ಕೊಂಡಿ ಹಾಕ್ರಿ ಅಮ್ಮಾ, ನೋಡೂಣು.”

ಬನವ್ವ ನಕ್ಕಳು. ಇದೇನು ದೊಡ್ಡದು ಎನ್ನುವಂತೆ ಬೆರಳ ತುದಿಗಳನ್ನು ಮೇಲೆತ್ತಿ, ನಡುಗೆಣ್ಣಿನಿಂದ ಎಳೆ ಹಿಡಿಯಲು ಹೋದಳು. ಎಳೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಮೂರನೆಯ ಸಲ ಎಳೆ ಎಲ್ಲಿದೆ ಎಂಬುದೇ ಅವಳಿಗೆ ತಿಳಿಯಲಿಲ್ಲ. ಕಣ್ಣು ಮಂಜು, ಬೆರಳಿಗೂ ಕಾಣದು. ಅವಳ ಕೈ ಹಾಸಿನ ಮೇಲೆ ಕುರುಡಾಗಿ ತಡಕಾಡುವುದನ್ನು ನಲವತ್ತು ವರ್ಷದಲ್ಲಿ ನಾನು ಮೊದಲ ಸಲ ನೋಡಿದೆ. ದಾನಪ್ಪ ಲಾಳಿ ನಿಲ್ಲಿಸಿದ.

ಡಾಕ್ಟರು ಉಳಿದದ್ದನ್ನು ಸಣ್ಣ ದನಿಯಲ್ಲಿ ಹೇಳಿದರು. ಬೆಕ್ಕು ನಡೆಯುವುದೇ ಬೆರಳಿನ ಮೇಲೆ. ತುದಿ ಹೋದರೆ ಹೆಜ್ಜೆ ಇಟ್ಟಾಗೆಲ್ಲ ನೋಯುತ್ತದೆ, ಎಷ್ಟೋ ಬೆಕ್ಕಿಗೆ ಆ ನೋವು ಜೀವ ಇರುವವರೆಗೂ ಉಳಿಯುತ್ತದೆ. ನಾಯಿ ಬಂದರೆ ಮರ ಹತ್ತಲಾರದು. ಉಗುರಿಲ್ಲದ್ದು ಹೆದರಿ ಹಲ್ಲು ಬಳಸಲು ಕಲಿಯುತ್ತದೆ. ಕಾಲು ನೋಯುವುದರಿಂದ ಮಣ್ಣು ಕೆದರಲಾರದೆ ಮನೆಯೊಳಗೇ ಗಲೀಜು ಮಾಡುವುದೂ ಉಂಟು. ಇಲಿ ಹಿಡಿಯುವ ಮಾತಂತೂ ಬಿಡಿ. ಪರದೇಶ ಪರದೇಶ ಎನ್ನುತ್ತಾರೆ, ಅಲ್ಲಿಯೂ ಎಷ್ಟೋ ಕಡೆ ಇದು ಬೇಡವೆಂದು ನಿಲ್ಲಿಸಿದ್ದಾರೆ.

ಬನವ್ವ ಒಂದೊಂದೇ ದಾರ ಬಿಚ್ಚಿದಳು. ಜರಿ ಎಲ್ಲಿದ್ದನೋ ಬಂದು ಬಿದ್ದ ಕೆಂಪು ದಾರಕ್ಕೆ ಪಂಜ ಹಾಕಿ ಆಡತೊಡಗಿದ.

“ನನಗ ಗೊತ್ತಿರಲಿಲ್ಲಪ್ಪಾ,” ಎಂದಳು ಬನವ್ವ. ಹೇಳಿದ್ದು ಡಾಕ್ಟರಿಗಲ್ಲ, ಬೆಕ್ಕಿಗೆ. ಆಮೇಲೆ ತಲೆಯೆತ್ತಿ, “ಹಂಗಾರ ನನ್ನ ಸೀರಿ ಗತಿ?” ಎಂದಳು.

ಅದಕ್ಕೂ ದಾರಿಯಿತ್ತು. ಡಾಕ್ಟರು ಬನವ್ವನ ಸೊಂಟದ ಕತ್ತರಿಯನ್ನು ನೋಡಿ, ಅದು ಬೇಡ, ನಾವು ಉಗುರು ಕತ್ತರಿಸಿಕೊಳ್ಳುವ ಸಣ್ಣ ಚಿಮುಟ ಇದೆಯೇ ಎಂದು ಕೇಳಿ ತರಿಸಿದರು. ಜರಿಯನ್ನು ಶಾಕೂನ ತೊಡೆಯ ಮೇಲೆ ಕೂರಿಸಿ, ಪಂಜ ಒತ್ತಿ, ಉಗುರನ್ನು ಬೆಳಕಿಗೆ ಹಿಡಿದರು. ಒಳಗೆ ಗುಲಾಬಿ ಬಣ್ಣದ ಒಂದು ಗೆರೆ. ಅದು ಜೀವ ಇರುವ ಜಾಗ, ಅದನ್ನು ಮುಟ್ಟಬಾರದು. ಮುಂದಿನ ಬಿಳಿ ಕೊಕ್ಕೆಯಷ್ಟನ್ನೇ ಚಿವುಟಿದರೆ ಸಾಕು, ಎರಡು ಮೂರು ವಾರಕ್ಕೊಮ್ಮೆ. ನೋವಿಲ್ಲ. ಒಂದು ದಿನಕ್ಕೆ ಎರಡೇ ಉಗುರು ಕೊಟ್ಟರೂ ಅವಸರ ಮಾಡಬೇಡಿ ಎಂದರು. ಶಾಕೂ ಮೂರನೆಯ ಉಗುರನ್ನು ತಾನೇ ಕತ್ತರಿಸಿದಳು. ಜರಿಗೆ ಅದು ನಡೆದದ್ದೂ ತಿಳಿಯಲಿಲ್ಲ.

“ಆದ್ರ ಕೆರಿಯೂದು ಬಿಡಾಂಗಿಲ್ಲ, ಬಿಡಸಾಕೂ ಬ್ಯಾಡ್ರಿ,” ಎಂದರು ಡಾಕ್ಟರು ಏಳುತ್ತ. “ಕೆರ್ಯಾಕ ಅದಕ್ಕಂತ ಒಂದು ಜಾಗಾ ಕೊಡ್ರಿ. ಮೈ ಚಾಚುವಷ್ಟು ಎತ್ತರ ಇರಬೇಕು, ಎಳದ್ರ ಅಲುಗಾಡಬಾರದು, ಒರಟಿರಬೇಕು. ಅದು ಮಲಗೂ ಜಾಗದ ಸಮೀಪ ಇರ್ಲಿ.”

ದಾನಪ್ಪ ಮನೆಯ ಸುತ್ತ ಕಣ್ಣಾಡಿಸಿ, ಅಂಥದ್ದು ಎಲ್ಲಿಂದ ತರೋಣ ಎಂದ. ಅಷ್ಟರಲ್ಲಿ ನನ್ನ ಮೇಲಿನ ಕಟ್ಟಿಗೆಗಳು ಒಂದೊಂದಾಗಿ ಸರಿದವು. ಹತ್ತಿರ ಹತ್ತಿರ ಮೂರು ತಿಂಗಳಿಗೆ ನನ್ನ ಮೈಗೆ ಬೆಳಕು ಬಿತ್ತು. ಎರಡು ಸಣ್ಣ ಕೈಗಳು ನನ್ನನ್ನು ಬಿರುಕಿದ್ದ ತುದಿಯಿಂದ ಹಿಡಿದು ಎಳೆದವು. ಯುಗಾದಿಗೆ ಎಂಟೇ ದಿನ ಉಳಿದಿತ್ತು. ಅದು ನೀರು ಕಾಸುವುದಕ್ಕೆ ಎಂದು ದಾನಪ್ಪ ಹೇಳಿದ.

“ಇದು ಬೇಕಪ್ಪಾ,” ಎಂದಳು ಶಾಕೂ.

ಒಂದೇ ದಿನದಲ್ಲಿ ಅವಳು ಎರಡನೆಯ ಸಲ ಬಾಯಿ ಬಿಟ್ಟದ್ದು. ದಾನಪ್ಪ ಅವಳ ಮುಖ ನೋಡಿದ, ಎದ್ದು ಹಾರೆ ತಂದ. ಕುಣಿ ತೋಡುವುದು ಅವರ ಮನೆತನದ ಕೆಲಸವೇ. ಮಗ್ಗದಿಂದ ನಾಲ್ಕು ಹೆಜ್ಜೆ ಬಿಟ್ಟು ಒಂದು ಮೊಳ ಆಳ ತೋಡಿ, ನನ್ನನ್ನು ಇಳಿಸಿ, ಕಲ್ಲು ಮಣ್ಣು ಗಿಡಿದು ನಿಲ್ಲಿಸಿದ. ಶಾಕೂ ಬಾವಿಯ ಹಳೆಯ ನಾರಿನ ಹಗ್ಗವನ್ನು ಬುಡದಿಂದ ತುದಿಯವರೆಗೆ, ಕಂಡಿಕೆ ಸುತ್ತುವ ಹಾಗೆ, ಸಂದಿಲ್ಲದಂತೆ ಸುತ್ತಿದಳು. ಹಳ್ಳದ ದಂಡೆ ಬಿಟ್ಟ ಮೇಲೆ ನಾನು ನೆಟ್ಟಗೆ ನಿಂತದ್ದು ಆವತ್ತೇ. ನಲವತ್ತು ವರ್ಷ ಮಲಗಿದವನಿಗೆ ತಲೆ ತಿರುಗಿದ ಹಾಗಾಯಿತು.

ಮಧ್ಯಾಹ್ನ ವೀರಭದ್ರ ಬುಟ್ಟಿ ಹಿಡಿದು ಬಂದ. ಬನವ್ವ ಅವನಿಗೆ ಬೈಯಲಿಲ್ಲ. ಕೂರಿಸಿ, ಚಹಾ ಕೊಟ್ಟು, ಹತ್ತು ಬೆರಳಿಗೂ ಕೆಂಪು ದಾರ ಕಟ್ಟಿದಳು. ಆಮೇಲೆ ತುದಿ ಮುಟ್ಟಿಸದೆ ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳಲು ಹೇಳಿದಳು. ಅಳಿಯ ಬಹಳ ಹೊತ್ತು ಒದ್ದಾಡಿದ. ಖಾಲಿ ಬುಟ್ಟಿ ಹಿಡಿದು ಹೊರಡುವಾಗ, ತಾನು ಯಾರೋ ಹೇಳಿದ್ದನ್ನು ಹೇಳಿದ್ದೆ ಅಷ್ಟೆ, ಕೇಳಿ ನೋಡಿರಲಿಲ್ಲ ಎಂದ. ಜರಿಯ ತಲೆ ಸವರಿ ಹೋದ.

ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಿರಾ? ಬೆಕ್ಕು ಅಂದರೆ ಬೆಕ್ಕು. ಜರಿ ನನ್ನನ್ನು ಒಂದು ಸುತ್ತು ಮೂಸಿ, ಏನೂ ಇಲ್ಲ ಎನ್ನುವಂತೆ ಹೋಗಿ ಚಾಪೆ ಕೆರೆದ. ಎರಡು ದಿನ ಹಾಗೆಯೇ. ಬನವ್ವ, ಹಬ್ಬ ಹತ್ತಿರ ಬಂತು, ನೀರೂ ಕಾಯಬೇಕು ಎಂದು ನನ್ನ ಕಡೆ ನೋಡಿ ಹೇಳಿದಳು. ನನಗೆ ಎದೆಯಿಲ್ಲ, ಇದ್ದಿದ್ದರೆ ಹಾರುತ್ತಿತ್ತು. ಶಾಕೂ ಬೆಕ್ಕಿನ ಪಂಜ ಹಿಡಿದು ಬಲವಂತ ಮಾಡಲಿಲ್ಲ. ಹಾಸಿನ ಮೇಲೆ ಹಳೆಯ ಕಂಬಳಿ ಹೊದಿಸಿದಳು. ಜರಿ ಮಲಗುವ ಗೋಣಿಯನ್ನು ತಂದು ನನ್ನ ಬುಡಕ್ಕೆ ಹಾಸಿದಳು. ನೆತ್ತಿಯಿಂದ ಖಾಲಿ ಕಂಡಿಕೆಯೊಂದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟಳು. ಆಮೇಲೆ ತನ್ನ ಪಾಡಿಗೆ ರಾಟೆ ತಿರುಗಿಸುತ್ತ, ಒಂದು ಕಣ್ಣಿನಿಂದ ನೋಡುತ್ತ ಕೂತಳು.

ಮೂರನೆಯ ದಿನ ಬೆಳಗ್ಗೆ ಜರಿ ಎದ್ದ. ಆಕಳಿಸಿದ. ತೂಗಾಡುವ ಕಂಡಿಕೆಯನ್ನು ನೋಡಿ ಹ್ಞೂಂ ಎಂದು ಮುಂಗಾಲು ಮೇಲಕ್ಕೆ ಚಾಚಿದ. ಕಂಡಿಕೆ ತಪ್ಪಿತು, ಹತ್ತೂ ಉಗುರು ನನ್ನ ಹಗ್ಗದೊಳಗೆ ಇಳಿದವು. ಆಮೇಲೆ ಬೆನ್ನು ಬಾಗಿಸಿ, ಬಾಲ ನಿಗುರಿಸಿ, ಮೇಲಿಂದ ಕೆಳಗೆ ಪರ್ ಎಂದು ಎಳೆದ. ಹೇಗೆ ಹೇಳಲಿ ಆ ಸುಖವನ್ನು. ಮೌನಪ್ಪ ಹನ್ನೊಂದು ದಿನ ತಿಕ್ಕಿದ್ದು ಒಂದು ತೂಕ, ಈ ಒಂದು ಎಳೆತ ಒಂದು ತೂಕ. ನನಗೆ ಹಳ್ಳದ ದಂಡೆ ನೆನಪಾಯಿತು, ನನ್ನ ಬಿಳಿ ಮುಳ್ಳುಗಳು ನೆನಪಾದವು. ಅವು ಯಾರನ್ನೂ ಅಟ್ಟಿಸಿಕೊಂಡು ಹೋಗಿ ಚುಚ್ಚಿದ್ದಲ್ಲ, ನನ್ನ ಜೀವ ಉಳಿಸಲು ಇದ್ದವು. ನನ್ನನ್ನು ತಿಕ್ಕಿದ್ದು ಮರ ಕಡಿದು ಬಿದ್ದ ಮೇಲೆ. ಓಡಾಡುವ ಜೀವವನ್ನು ತಿಕ್ಕಿ ನಯ ಮಾಡಲಾಗದು ಎಂಬುದು ನನಗೆ ಆವತ್ತು ಹೊಳೆಯಿತು.

ರಾಟೆಯ ಹಿಂದೆ ಶಾಕೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಯುಗಾದಿಯ ನೀರು ಬೇರೆ ಕಟ್ಟಿಗೆಯಿಂದ ಕಾಯಿತು. ಕೊಂಡಿಗಳೆಲ್ಲ ಕೂಡಿ, ಕೆಂಪು ಸೆರಗು ಒಡಲಿಗೆ ಸೇರಿ, ಮದುವೆಯ ಸೀರೆ ಒಂದು ಎಳೆಯೂ ಏಳದೆ ಮಗ್ಗ ಇಳಿಯಿತು. ವೀರಭದ್ರನ ತಂಗಿ ಅದನ್ನುಟ್ಟು ಅಕ್ಷತೆಗೆ ನಿಂತಾಗ, ಸೆರಗಿನ ಒಳಮಡಿಕೆಯಲ್ಲಿ ಒಂದು ಹಳದಿ ಕೂದಲು ಇತ್ತಂತೆ. ಬನವ್ವ ಅದನ್ನು ತೆಗೆಯಲು ಬಿಡಲಿಲ್ಲವಂತೆ.

ಅದಾಗಿ ಎಂಟು ವರ್ಷವಾಯಿತು. ಹಗ್ಗ ಮೂರು ಸಲ ಬದಲಾಗಿದೆ. ಸೋಮವಾರದ ಸಾಲು ಈಗಲೂ ಇದೆ. ಮೊದಲು ಬನವ್ವ ತಾನೇ ತೋರಿಸುತ್ತಾಳೆ, ಆಮೇಲೆ ದಾನಪ್ಪ, ಆಮೇಲೆ ಶಾಕೂ, ಕೊನೆಗೆ ಜರಿ. ಜರಿಗೆ ಮಾತ್ರ ಬೇರೆ ಚಿಮುಟ, ಬಿಳಿ ತುದಿ ಬೆಳೆದಿದ್ದರೆ ಅಷ್ಟನ್ನೇ. ಓಣಿಯಲ್ಲಿ ಬೆಕ್ಕು ಸಾಕಿದವರು ಅದೂ ಇದೂ ಕೇಳಲು ಶಾಕೂನ ಹತ್ತಿರ ಬರುತ್ತಾರೆ. ಪೇಟೆಯಿಂದಲೂ ಒಬ್ಬಾಕೆ ಸೋಫಾ ಹರಿದ ಬೆಕ್ಕನ್ನು ತಂದಿದ್ದಳು. ಶಾಕೂ ಈಗಲೂ ರಾಟೆಯ ಹಿಂದೆಯೇ ಕೂರುತ್ತಾಳೆ, ಆದರೆ ಮುಖ ಪೂರ್ತಿ ಕಾಣುತ್ತದೆ. ಬಂದವರ ತೋರುಬೆರಳಿಗೆ ಒಂದು ಕೆಂಪು ದಾರ ಕಟ್ಟಿ, ತಗ್ಗಿದ ದನಿಯಲ್ಲಿ ಮೊದಲಿನಿಂದ ಹೇಳುತ್ತಾಳೆ. ಹೇಳಿ ಮುಗಿಸಿ ನನ್ನ ಕಡೆ ಕೈ ತೋರಿಸುತ್ತಾಳೆ. ಆಗ ನಾನು ಇನ್ನೂ ಸ್ವಲ್ಪ ನೆಟ್ಟಗೆ ನಿಲ್ಲಲು ನೋಡುತ್ತೇನೆ.

ಜರಿಗೂ ವಯಸ್ಸಾಯಿತು. ಮೊದಲಿನಂತೆ ನೆಗೆಯುವುದಿಲ್ಲ, ಮಲಗುವುದೇ ಹೆಚ್ಚು. ಆದರೆ ಎದ್ದ ಕೂಡಲೇ ನನ್ನ ಹತ್ತಿರ ಬಂದು ಎರಡು ಎಳೆತ ಎಳೆಯದೆ ಹಾಲಿಗೆ ಬಾಯಿಡುವುದಿಲ್ಲ. ನನ್ನ ಮೈಯಲ್ಲಿ ಈಗ ನಯವೆಂಬುದು ಒಂದು ಬೆರಳಗಲವೂ ಉಳಿದಿಲ್ಲ. ಹಗ್ಗ ಸವೆದ ಕಡೆ ಅವನ ಉಗುರು ಜಾಲಿಯ ತಿರುಳಿನವರೆಗೂ ಗೆರೆ ಕೊರೆದಿದೆ.

ನಿನ್ನೆ ಬೆಳಗ್ಗೆ ಬನವ್ವ ಗೋಡೆ ಹಿಡಿದು ನನ್ನ ಪಕ್ಕದಲ್ಲಿ ಹೋಗುತ್ತಿದ್ದಳು. ಅವಳ ಸೆರಗು ನನ್ನ ಸಿಬರಿಗೆ ಸಿಕ್ಕಿಕೊಂಡಿತು. ಅವಳು ನಿಂತಳು. ಉಗುರಿನ ಮೂಲೆಯನ್ನೂ ಕ್ಷಮಿಸದ ಹೆಂಗಸು ಅವಳು. ಬೆರಳ ತುದಿಯಿಂದ ತಡಕಿ, ಎಳೆ ಎಲ್ಲಿ ಸಿಕ್ಕಿದೆ ಎಂದು ನೋಡಿ, ಮೆಲ್ಲಗೆ ಬಿಡಿಸಿಕೊಂಡಳು. ಆ ಸಿಬರನ್ನು ಮುರಿಯಲಿಲ್ಲ. ಅದರ ಮೇಲೆ ಒಮ್ಮೆ ಕೈ ಸವರಿ, ಮಗ್ಗದ ಕಡೆಗೆ ನಡೆದಳು.